ವ್ಯಾನ್ ಕೊಟ್ಟರು, ಡ್ರೈವರ್ ಸಂಬಳ ಕೇಳಬೇಡಿ ಅಂದರು: ಅನುದಾನದ ಮೇಲೆ ನಡೆಯುವ ಡೇ ಕೇರ್‌ಗಳು ಉಳಿಯೋದು ಹೇಗೆ?

ತುಂಗೆಯ ದಡ (ಚರ್ಚೆ ಶುರು ಮಾಡಿದವರು) · ಜುಲೈ 12

ಎಲ್ಲರಿಗೂ ನಮಸ್ಕಾರ. ಇಲ್ಲಿ ಲೆಕ್ಕಪತ್ರ ಬಲ್ಲವರು, ಟ್ರಸ್ಟ್ ನಡೆಸುವವರು, ಕಂಪನಿಗಳಲ್ಲಿ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಕಂಪನಿ ಕೊಡುವ ದುಡ್ಡು) ನೋಡಿಕೊಳ್ಳುವವರು ಇದ್ದೀರಿ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ, ಬೇಸರ ಮಾಡ್ಕೋಬೇಡಿ.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾವು ಒಂದಷ್ಟು ಜನ ಸೇರಿ ಹಗಲು ಕೇಂದ್ರ ನಡೆಸ್ತೇವೆ. ಬೌದ್ಧಿಕ ವೈಕಲ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ 26 ಜನ ಬರ್ತಾರೆ. ಎಲ್ಲರಿಗಿಂತ ಚಿಕ್ಕವಳಿಗೆ ಏಳು ವರ್ಷ, ಎಲ್ಲರಿಗಿಂತ ದೊಡ್ಡವರಿಗೆ 41. ಕಟ್ಟಡ ಹಳೇ ಅಕ್ಕಿ ಗಿರಣಿಯ ಗೋದಾಮು, ಬಾಡಿಗೆ ಇಲ್ಲ. ಇಬ್ಬರು ಟೀಚರ್, ಒಬ್ಬರು ಆಯಾ, ವಾರಕ್ಕೊಮ್ಮೆ ಶಿವಮೊಗ್ಗದಿಂದ ಫಿಸಿಯೋಥೆರಪಿಸ್ಟ್. ಮತ್ತೆ ವ್ಯಾನು, ವ್ಯಾನಿನ ಡ್ರೈವರ್.

ಆ ವ್ಯಾನ್ ಕೊಟ್ಟಿದ್ದು ಒಂದು ಕಂಪನಿ. ಮೂರು ವರ್ಷ ಸಂಬಳಕ್ಕೂ ಅವರೇ ಕೊಟ್ಟರು. ಮಾರ್ಚ್‌ಗೆ ಯೋಜನೆ ಮುಗೀತು. ಒಳ್ಳೆಯವರೇ, ಅವರ ಮೇಲೆ ನನಗೇನೂ ದೂರಿಲ್ಲ. ಮುಂದಿನ ಮೂರು ವರ್ಷಕ್ಕೆ ಇನ್ನೊಂದು ಕಡೆ ಅರ್ಜಿ ಹಾಕಿದ್ವಿ. ಅವರು ಬಂದು ನೋಡಿ ಮೆಚ್ಚಿಕೊಂಡು ಹೋದರು. ಆಮೇಲೆ ನಾವು ಕೊಟ್ಟ ಬಜೆಟ್ಟು ಕೆಂಪು ಗೆರೆ ಎಳೆಸಿಕೊಂಡು ವಾಪಸ್ ಬಂತು. ಡ್ರೈವರ್, ಆಯಾ, ಡೀಸೆಲ್, ವ್ಯಾನಿನ ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇವೆಲ್ಲ "ಆಡಳಿತ ವೆಚ್ಚ", ಕೊಡೋಕಾಗಲ್ಲ. ಬೇಕಾದರೆ ಒಂದು ಸೆನ್ಸರಿ ರೂಮ್ ಮಾಡಿಸಿಕೊಡ್ತೇವೆ, ಬಣ್ಣದ ಲೈಟು, ನೀರಿನ ಗುಳ್ಳೆ ಏಳೋ ಕಂಬ ಎಲ್ಲ ಬರುತ್ತೆ, ಅಂದರು.

ಏಪ್ರಿಲ್, ಮೇ ಕೈಯಲ್ಲಿದ್ದುದರಲ್ಲಿ ತಳ್ಳಿದ್ವಿ. ಜೂನ್ ಎರಡನೇ ವಾರದಿಂದ ವ್ಯಾನ್ ನಿಂತಿದೆ. ಈ ಮಳೆಯಲ್ಲಿ ಬಸ್ಸಿಳಿದು ಎರಡು ಕಿಲೋಮೀಟರ್ ನಡೆಸಿಕೊಂಡು ಬರೋ ಶಕ್ತಿ ಯಾವ ತಾಯಿಗಿದೆ? ನಿನ್ನೆ ಹಾಜರಿ ಒಂಬತ್ತು.

ನಿಮ್ಮ ಕಡೆ ಹೇಗೆ ನಡೆಸ್ತೀರಿ? ಬಜೆಟ್ ಬರೆಯೋದ್ರಲ್ಲೇ ನಾವು ತಪ್ಪಿದ್ವಾ?

ಸುಮ್ನೆ ಓದೋನು · ಜುಲೈ 12

ಕೋಪ ಮಾಡ್ಕೋಬೇಡಿ ಮೇಡಂ. ಟ್ರಸ್ಟು, ಎನ್‌ಜಿಒ ಅಂದ ತಕ್ಷಣ ನಂಗೆ ಅನುಮಾನ. ನಮ್ಮೂರಲ್ಲಿ ಒಬ್ರು ಅನಾಥಾಶ್ರಮ ಅಂತ ಬೋರ್ಡ್ ಹಾಕಿ ಐದು ವರ್ಷದಲ್ಲಿ ಎರಡು ಸೈಟ್ ಮಾಡಿದ್ರು. ಕಂಪನಿಯವರು ಸಂಬಳಕ್ಕೆ ಕೊಡಲ್ಲ ಅನ್ನೋದಕ್ಕೂ ಕಾರಣ ಇರುತ್ತೆ. ಕಟ್ಟಡ ಆದ್ರೆ ಕಣ್ಣಿಗೆ ಕಾಣುತ್ತೆ. ಸಂಬಳ ಯಾರಿಗೆ ಹೋಯ್ತು ಅಂತ ಯಾರು ನೋಡ್ತಾರೆ?

ತುಂಗೆಯ ದಡ · ಜುಲೈ 12

ಅನುಮಾನ ಪಡಿ, ತಪ್ಪಿಲ್ಲ. ನಾನು ಹೈಸ್ಕೂಲ್ ಟೀಚರ್ ಆಗಿ ನಿವೃತ್ತಿಯಾದವಳು, ಪೆನ್ಷನ್ ಬರುತ್ತೆ, ಕೇಂದ್ರದಿಂದ ಒಂದು ರೂಪಾಯಿ ತಗೊಳ್ಳಲ್ಲ. ಡ್ರೈವರ್‌ಗೆ ತಿಂಗಳಿಗೆ 14,000. ವ್ಯಾನ್ ದಿನಕ್ಕೆ ಸುಮಾರು 75 ಕಿಲೋಮೀಟರ್ ಓಡುತ್ತೆ, ತಿಂಗಳಿಗೆ 16,000ದ ಡೀಸೆಲ್. ಇನ್ಶೂರೆನ್ಸ್, ಎಫ್‌ಸಿ, ರಿಪೇರಿ ವರ್ಷದ್ದು ಹಂಚಿದರೆ ತಿಂಗಳಿಗೆ 5,000. ಒಟ್ಟು 35,000. ತಿಂಗಳ ಲೆಕ್ಕ ಕೇಂದ್ರದ ಗೋಡೆಗೆ ಅಂಟಿಸ್ತೇವೆ. ಫೋಟೊ ಇಲ್ಲೂ ಹಾಕಿದ್ದೇನೆ, ನೋಡಿ.

ಕಟ್ಟಡ ಕಣ್ಣಿಗೆ ಕಾಣುತ್ತೆ ಅಂದ್ರಲ್ಲ, ಬೀಗ ಹಾಕಿದ ಕಟ್ಟಡವೂ ಕಾಣುತ್ತೆ.

ಲೆಕ್ಕದ ಮೇಷ್ಟ್ರು · ಜುಲೈ 13

ಟೀಚರ್, ನಾನು ಲೆಕ್ಕಪರಿಶೋಧಕ, ಏಳೆಂಟು ಸಣ್ಣ ಟ್ರಸ್ಟ್‌ಗಳ ಲೆಕ್ಕ ನೋಡ್ತೇನೆ. ನಿಮಗಾಗಿದ್ದು ತೀರಾ ಮಾಮೂಲಿ ಎಡವಟ್ಟು, ಸರಿ ಮಾಡಬಹುದು.

ಮೊದಲು ಆ "ಆಡಳಿತ ವೆಚ್ಚ"ದ ಭೂತ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ಲಾಭ 5 ಕೋಟಿ ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಶೇ 5ಕ್ಕಿಂತ ಹೆಚ್ಚು ಆಡಳಿತಕ್ಕೆ ಹೋಗಬಾರದು ಅಂತ ನಿಯಮ ಇದೆ, ನಿಜ. ಆದರೆ ಆ ಶೇ 5 ಕಂಪನಿಯ ತನ್ನದೇ ಸಿಎಸ್‌ಆರ್ ವಿಭಾಗದ ಖರ್ಚಿಗೆ ಹಾಕಿದ ಮಿತಿ. ಒಂದು ಯೋಜನೆಯನ್ನು ನಡೆಸಲು ನೇರವಾಗಿ ತಗಲುವ ಖರ್ಚು ಅದರೊಳಗೆ ಬರೋದೇ ಇಲ್ಲ. ಕೇಂದ್ರದ ಕಾರ್ಪೊರೇಟ್ ವ್ಯವಹಾರ ಸಚಿವಾಲಯ 2021ರಲ್ಲಿ ಕೊಟ್ಟ ಸ್ಪಷ್ಟೀಕರಣದಲ್ಲಿ, ಶಿಕ್ಷಣದ ಯೋಜನೆಯಾದರೆ ಟೀಚರ್, ಸಿಬ್ಬಂದಿ ಸಂಬಳ ಆ ಯೋಜನೆಯ ವೆಚ್ಚವೇ ಅಂತ ಉದಾಹರಣೆ ಸಮೇತ ಹೇಳಿದೆ.

ಈಗ ನಿಮ್ಮ ಬಜೆಟ್ ನೆನಪಿಸಿಕೊಳ್ಳಿ. ನಾನು ನೋಡದೆಯೇ ಹೇಳ್ತೇನೆ. ಮೇಲೆ "ಚಟುವಟಿಕೆ" ಅಂತ ಒಂದು ಪಟ್ಟಿ, ಅದರಲ್ಲಿ ಥೆರಪಿ, ಕಲಿಕಾ ಸಾಮಗ್ರಿ. ಕೆಳಗೆ "ಸಿಬ್ಬಂದಿ ಮತ್ತು ಆಡಳಿತ" ಅಂತ ಇನ್ನೊಂದು, ಅದರಲ್ಲಿ ಡ್ರೈವರ್, ಆಯಾ, ಡೀಸೆಲ್, ಫೋನ್ ಬಿಲ್ಲು ಎಲ್ಲ ಒಟ್ಟಿಗೆ. ಹೌದಾ? ಕೆಂಪು ಪೆನ್ನು ಬಿದ್ದಿದ್ದು ನಿಮ್ಮ ಶೀರ್ಷಿಕೆಗೆ. ಘಟ್ಟದ ಸೀಮೆಯಲ್ಲಿ ಅಂಗವಿಕಲರ ಡೇ ಕೇರ್ ಅಂದರೆ ಅರ್ಧ ಯೋಜನೆ ಆ ವ್ಯಾನೇ. "ಮನೆಯಿಂದ ಕೇಂದ್ರಕ್ಕೆ ಕರೆತರುವುದು" ಅಂತ ಒಂದನೇ ಚಟುವಟಿಕೆ ಬರೀರಿ. ಅದರಡಿ ಡ್ರೈವರ್, ಡೀಸೆಲ್, ವಿಮೆ, ಎಫ್‌ಸಿ, ಜೊತೆಗೆ ಬರುವ ಆಯಾಳ ಸಂಬಳದ ಅರ್ಧ. ಇನ್ನರ್ಧ "ಊಟ, ಶೌಚ, ಸ್ವಂತ ಕೆಲಸದ ತರಬೇತಿ" ಅನ್ನುವುದರಡಿ. ಆಯಾ ಮಾಡೋದು ಅದನ್ನೇ ತಾನೆ? ಸುಳ್ಳು ಒಂದಕ್ಷರ ಇಲ್ಲ ಇದರಲ್ಲಿ. ಆಡಳಿತ ಅಂತ ಉಳಿಯೋದು ನನ್ನ ಆಡಿಟ್ ಫೀಸು, ನಿಮ್ಮ ಕಾಗದ-ಪೆನ್ನು.

ಮೂರು ವರ್ಷಕ್ಕೇ ಯಾಕೆ ಮುಗಿಯುತ್ತೆ ಅಂದರೆ, "ಮುಂದುವರಿಯುವ ಯೋಜನೆ" ಅಂತ ಕಂಪನಿ ತೋರಿಸಬಹುದಾದ ಗರಿಷ್ಠ ಅವಧಿಯೇ ಶುರುವಾದ ವರ್ಷ ಬಿಟ್ಟು ಮೂರು ವರ್ಷ. ಹೊಸ ಯೋಜನೆ ಅಂತ ಮತ್ತೆ ಕೊಡಬಾರದು ಅಂತೇನಿಲ್ಲ. ಅವರು ಕೊಡಲ್ಲ ಅಷ್ಟೆ, ಊರು ಬದಲಾಯಿಸ್ತಾರೆ.

ನಿಮ್ಮಲ್ಲಿ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯ್ತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯ್ತಿ), ಸಿಎಸ್‌ಆರ್-1 (ಸಿಎಸ್‌ಆರ್ ದುಡ್ಡು ಪಡೆಯೋಕೆ ಬೇಕಾದದ್ದು) ನೋಂದಣಿ ಎಲ್ಲ ಚಾಲ್ತಿಯಲ್ಲಿದೆಯಾ ನೋಡ್ಕೊಳ್ಳಿ. 2021ರಿಂದ ಸಿಎಸ್‌ಆರ್-1 ನಂಬರ್ ಇಲ್ಲದ ಟ್ರಸ್ಟ್ ಮೂಲಕ ಕಂಪನಿ ಈ ದುಡ್ಡು ಖರ್ಚು ಮಾಡೋ ಹಾಗಿಲ್ಲ.

ಹುಬ್ಬಳ್ಳಿ ಗಿರಮಿಟ್ · ಜುಲೈ 13

ಮೇಷ್ಟ್ರು ಹೇಳಿದ್ದು ಖರೇ ಐತಿ. ನಂದೊಂದು ಬ್ಯಾರೆ ಕಥಿ ಕೇಳ್ರಿ ಅಕ್ಕಾರ.

ನಾವು ಒಂಟಿ ಮುದುಕರಿಗೆ ಮಧ್ಯಾಹ್ನದ ಊಟ ಮನಿಗೆ ಮುಟ್ಟಸ್ತೀವಿ. ನಲವತ್ತ ಮಂದಿ ಅದಾರ. ಊಟಕ್ಕ ರೊಕ್ಕ ಕೊಡಾವ್ರಿಗೆ ಬರಗಾಲ ಇಲ್ರಿ. ಹುಟ್ಟಿದ ಹಬ್ಬ, ಲಗ್ನದ ವಾರ್ಷಿಕೋತ್ಸವ, ಅಪ್ಪನ ತಿಥಿ ಅಂತ ಬರ್ತಾರ. ಶ್ರಾವಣದಾಗಂತೂ ಒಂದ ದಿನಕ್ಕ ಮೂರ ಮಂದಿ ಹೋಳಗಿ ತರ್ತಾರ. ಶುಗರ್ ಇದ್ದ ಅಜ್ಜಗ ಎಷ್ಟ ಸಿಹಿ ತಿನಿಸೋದ್ರಿ? ಆದರ ಡಬ್ಬಿ ಒಯ್ಯೋ ಹುಡುಗನ ಗಾಡಿ ಪಂಚರ್ ಆದ್ರ ನೂರ ರೂಪಾಯಿ ಕೊಡಾವ ಒಬ್ಬನೂ ಇಲ್ಲ. ಪಂಚರ್ ಹಾಕಿಸಿದ್ದಕ್ಕ ಫೋಟೊ ಬರೂದಿಲ್ಲ ನೋಡ್ರಿ.

ಹಂಗಾಗಿ ಎರಡ ವರ್ಷದ ಹಿಂದ ಒಂದ ಐಡಿಯಾ ಮಾಡಿದ್ವಿ. ಗುಡಿಯಾಗ "ಇಂದಿನ ಸೇವಾಕರ್ತರು" ಅಂತ ಬೋರ್ಡ್ ಇರತೈತಲ್ಲ, ಅದ. ಗಾಡಿ ಹಿಂದ ಸಣ್ಣ ಕರಿ ಹಲಗಿ ಕಟ್ಟಿ, "ಇವತ್ತಿನ ಗಾಡಿ ಸೇವೆ" ಅಂತ ಬರದು ಕೆಳಗ ಕೊಟ್ಟವರ ಹೆಸರ. ಒಂದ ದಿನದ ಪೆಟ್ರೋಲ್ ಪ್ಲಸ್ ಹುಡುಗನ ಪಗಾರ. ಜನಾ ಮುಗಿಬಿದ್ದ ಬಂದ್ರು! ಊರ ತುಂಬ ಹೆಸರ ತಿರಗತೈತಲ್ರಿ. ನಿಮ್ಮ ವ್ಯಾನಿಗೂ ಮಾಡ್ರಿ. 35,000 ಅಂದ್ರಿ, ತಿಂಗಳಿಗೆ 24 ದಿನ ಹಿಡಿದ್ರ ಒಂದ ದಿನಕ್ಕ 1,500ರ ಆಸುಪಾಸು. ಹೋಳಗಿ ಊಟಕ್ಕಿಂತ ಸೋವಿ.

ಸುಮ್ನೆ ಓದೋನು · ಜುಲೈ 13

ಲೆಕ್ಕದ ಫೋಟೊ ನೋಡಿದೆ. ಮೇ 18ರ ಡೀಸೆಲ್ ಬಿಲ್ ಎರಡು ಸಲ ಸೇರಿದೆ. 1,800 ರೂಪಾಯಿ.

ತುಂಗೆಯ ದಡ · ಜುಲೈ 13

ಅಯ್ಯೋ ಹೌದು! ಕಣ್ಣಿಗೇ ಬಿದ್ದಿರಲಿಲ್ಲ. ಸರಿ ಮಾಡಿಸ್ತೇನೆ. ನಿಮಗೆ ಬಿಡುವಿದ್ದರೆ ಜೂನ್ ತಿಂಗಳದ್ದೂ ಕಳಿಸಲಾ?

ದಣಪೆ ಹತ್ರ · ಜುಲೈ 14

ನಾನು ಇಲ್ಲಿ ಬರೆಯೋದು ಇದೇ ಮೊದಲು. ನನ್ನ ಮಗ ಟೀಚರ್ ಹೇಳಿದ ಕೇಂದ್ರಕ್ಕೇ ಹೋಗ್ತಿದ್ದ. 23 ವರ್ಷ. ಮಾತು ಕಡಿಮೆ.

ಬೆಳಿಗ್ಗೆ 8.20ಕ್ಕೆ ವ್ಯಾನು ತೋಟದ ತಿರುವಿನಲ್ಲಿ ಹಾರನ್ ಮಾಡ್ತಿತ್ತು. ಅವನು ಎಂಟು ಗಂಟೆಗೇ ಬ್ಯಾಗ್ ಹಾಕ್ಕೊಂಡು ಬೇಲಿಯ ದಣಪೆ (ಗೇಟು) ಹತ್ರ ನಿಂತಿರ್ತಿದ್ದ. ವ್ಯಾನ್ ನಿಂತ ಮೇಲೂ ನಿಲ್ತಾನೆ. ಇವತ್ತು ವ್ಯಾನ್ ಬರಲ್ಲ ಮಗ ಅಂದ್ರೆ ತಲೆ ಆಡಿಸ್ತಾನೆ, ಅಲ್ಲೇ ಇರ್ತಾನೆ. ಕೊಡೆ ಹಿಡ್ಕೊ ಅಂದ್ರೆ ಹಿಡ್ಕೊಳ್ತಾನೆ. ಒಂಬತ್ತೂವರೆ ಹತ್ತರ ತನಕ. ಆಮೇಲೆ ಒಳಗೆ ಬಂದು ಬ್ಯಾಗಿಂದ ಡಬ್ಬಿ ತೆಗೆದು ನನ್ನ ಕೈಗೆ ಕೊಡ್ತಾನೆ. ಖಾಲಿ ಡಬ್ಬಿ. ಅದಕ್ಕೇ ಈಗ ನಾನು ಡಬ್ಬಿಗೆ ಅನ್ನ ಹಾಕಿಯೇ ಕೊಡ್ತೇನೆ, ಜಗಲಿಯಲ್ಲಿ ಕೂತು ಉಣ್ತಾನೆ.

ಅಂಗಿ ಗುಂಡಿ ಹಾಕ್ಕೊಳ್ಳೋದು ಅಲ್ಲಿ ಕಲಿತಿದ್ದು. ಎಂಟು ತಿಂಗಳು ಬೇಕಾಯ್ತು. ಮೇಲಿನ ಗುಂಡಿ ಈಗಲೂ ಬರಲ್ಲ.

ಈಗ ನಾಟಿ ಟೈಮು. ದಿನಕ್ಕೆ 400 ಕೊಡ್ತಾರೆ. ಅವನನ್ನ ಬಿಟ್ಟು ಹೋಗೋ ಹಾಗಿಲ್ಲ, ಕೆರೆ ಕಡೆ ಹೋಗ್ತಾನೆ. ಹಾಗಾಗಿ ಈ ಸಲ ನಾನು ಒಂದು ದಿನವೂ ಗದ್ದೆಗೆ ಇಳಿದಿಲ್ಲ. ವ್ಯಾನಿಗೆ ಇಷ್ಟು ಖರ್ಚು ಅಂತ ಎಲ್ಲ ಬರೆದಿದ್ದೀರಿ, ಇದನ್ನೂ ಸೇರಿಸಿ.

ಲೆಕ್ಕದ ಮೇಷ್ಟ್ರು · ಜುಲೈ 14

ಸೇರಿಸ್ತೇವೆ ತಾಯಿ. ಟೀಚರ್, ಇದು ಪ್ರಸ್ತಾವನೆಯ ಮೊದಲ ಪುಟದಲ್ಲೇ ಇರಬೇಕು. 26 ಮನೆಗಳಲ್ಲಿ ಎಷ್ಟು ಜನ ಕೂಲಿ ಬಿಟ್ಟು ಮನೆಯಲ್ಲಿ ಕೂತಿದ್ದಾರೆ ಅಂತ ಒಂದು ಪಟ್ಟಿ ಮಾಡಿ. ಹೆಸರು ಬೇಡ, ದಿನ ಮತ್ತು ಕೂಲಿ ಸಾಕು.

ಹೆಸರು ಬೇಡ ಬಿಡಿ · ಜುಲೈ 15

ನಾನು ಒಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿದ್ದೇನೆ, ಯಾವುದು ಅಂತ ಕೇಳಬೇಡಿ. ಆಚೆ ಬದಿಯ ಕಷ್ಟವನ್ನೂ ಒಂದು ಸಲ ಕೇಳಿ.

ನನ್ನ ಮೇಜಿನ ಮೇಲೆ ಎರಡು ಅರ್ಜಿ ಇರುತ್ತೆ. ಒಂದರಲ್ಲಿ ಇಷ್ಟು ಲಕ್ಷಕ್ಕೆ 5,000 ಮಕ್ಕಳಿಗೆ ಸ್ಕೂಲ್ ಬ್ಯಾಗ್. ಇನ್ನೊಂದರಲ್ಲಿ ಅಷ್ಟೇ ದುಡ್ಡಿಗೆ 26 ಜನಕ್ಕೆ ಒಂದು ವರ್ಷದ ಡೇ ಕೇರ್. ಮೀಟಿಂಗ್‌ನಲ್ಲಿ ಹಾಕುವ ಸ್ಲೈಡಿನಲ್ಲಿ "ಫಲಾನುಭವಿಗಳ ಸಂಖ್ಯೆ" ಅಂತ ಒಂದು ಕಾಲಂ ಇದೆ. ಆ ಕಾಲಂನಲ್ಲಿ 26 ಯಾವತ್ತೂ ಗೆಲ್ಲಲ್ಲ. ನನಗೆ ಮನಸ್ಸಿಲ್ಲ ಅಂತಲ್ಲ, ಮೇಲಿನವರಿಗೂ ಇಲ್ಲ ಅಂತಲ್ಲ. ಕಾಲಂ ಹಾಗಿದೆ. ಆದ್ದರಿಂದ ನೀವು 26 ಅಂತ ಬರೀಬೇಡಿ. 26 ಜನ, 26 ಮನೆ, ವರ್ಷಕ್ಕೆ ಇಷ್ಟು ಸಾವಿರ ಹಾಜರಿ ದಿನ, ಇಷ್ಟು ತಾಯಂದಿರ ಇಷ್ಟು ಕೂಲಿ ದಿನ ಅಂತ ಬರೀರಿ. ಮೇಲೆ ಆ ತಾಯಿ ಬರೆದದ್ದು ಓದಿ ನನಗೆ ಇದು ಹೊಳೀತು.

ಎರಡನೇದು ಸಮಯ. ಬಹಳ ಜನ ಫೆಬ್ರುವರಿಯಲ್ಲಿ ಓಡಿ ಬರ್ತಾರೆ, ವರ್ಷದ ಕೊನೆಗೆ ದುಡ್ಡು ಉಳಿದಿರುತ್ತೆ ಅಂತ. ಉಳಿದಿರುತ್ತೆ ನಿಜ. ಆದರೆ ಮಾರ್ಚ್ 31ರೊಳಗೆ ಖಾಲಿಯಾಗಬೇಕಾದ ದುಡ್ಡು ಸಂಬಳದ ರೂಪದಲ್ಲಿ ಹೋಗೋಕಾಗಲ್ಲ, ಯಂತ್ರದ ರೂಪದಲ್ಲೇ ಹೋಗೋದು. ವೀಲ್‌ಚೇರ್, ಕಂಪ್ಯೂಟರ್, ಸೆನ್ಸರಿ ರೂಮ್ ಎಲ್ಲ ಹುಟ್ಟೋದು ಫೆಬ್ರುವರಿಯಲ್ಲಿ. ಸಂಬಳ ಬೇಕಾದವರು ಏಪ್ರಿಲ್‌ನಿಂದ ಜೂನ್ ಒಳಗೆ ಬರಬೇಕು, ಆಗ ವರ್ಷದ ಯೋಜನೆ ಹಾಕ್ತಿರ್ತೇವೆ. ಈ ವರ್ಷಕ್ಕೆ ನಿಮಗೆ ಆಗಲೇ ಸ್ವಲ್ಪ ತಡ.

ಮೂರನೇದು, ಕಾನೂನಿನಲ್ಲೇ ಕಂಪನಿ ತಾನಿರುವ ಸ್ಥಳಕ್ಕೆ, ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಿದೆ. ಅದಕ್ಕೇ ಬೆಂಗಳೂರಿನ ಸುತ್ತ ದುಡ್ಡು ಸುರಿಯುತ್ತೆ, ಘಟ್ಟಕ್ಕೆ ಹತ್ತಲ್ಲ. ನಿಮ್ಮ ಜಿಲ್ಲೆಯಲ್ಲಿ ಕಾರ್ಖಾನೆಯೋ ಘಟಕವೋ ಇರುವ ಕಂಪನಿ ಹುಡುಕಿ. ಇಲ್ಲದಿದ್ದರೆ ಕಂಪನಿ ಬಿಟ್ಟು ಪ್ರತಿಷ್ಠಾನಗಳ ಕಡೆ ನೋಡಿ. ಟಾಟಾ ಟ್ರಸ್ಟ್‌ಗಳು ಹುಟ್ಟಿದ್ದು ಸಿಎಸ್‌ಆರ್ ಕಾನೂನಿಗೆ ಎಷ್ಟೋ ಮುಂಚೆ, ಸರ್ ರತನ್ ಟಾಟಾ ಟ್ರಸ್ಟ್ 1919ರಲ್ಲಿ, ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1932ರಲ್ಲಿ. ನಮ್ಮ ಬೆಂಗಳೂರಿನದೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೂಡ ಅಂಗವಿಕಲರು, ಬೀದಿ ಮಕ್ಕಳು, ದೌರ್ಜನ್ಯಕ್ಕೆ ಒಳಗಾದ ಹೆಂಗಸರು ಇವರ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಅನುದಾನ ಕೊಡುತ್ತೆ. ಇಂಥವರಿಗೆ ಮಾರ್ಚ್ 31ರ ಭೂತ ನಮ್ಮಷ್ಟು ಕಾಡಲ್ಲ.

ಕಡಲ ತಡಿ · ಜುಲೈ 15

ನಮ್ಮ ದಕ್ಷಿಣ ಕನ್ನಡದಲ್ಲಿ ಎಂಡೋಸಲ್ಫಾನ್ ಪೀಡಿತರ ಡೇ ಕೇರ್ ಉಂಟಲ್ಲ, ಕೊಕ್ಕಡದಲ್ಲಿ, ಕೊಯಿಲದಲ್ಲಿ. ಗೇರು ಅಭಿವೃದ್ಧಿ ನಿಗಮದವರು 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಗೇರು ತೋಟಕ್ಕೆ ಮದ್ದು ಸಿಂಪಡಿಸಿದ್ದು, ಅದರ ಫಲ ಈ ಊರಿನವರು ಇವತ್ತಿಗೂ ಉಣ್ತಾ ಇದ್ದಾರೆ. ಜನ ಹೋರಾಡಿ, ಕೋರ್ಟಿಗೆ ಹೋಗಿ ಮಾಸಾಶನ, ಡೇ ಕೇರ್ ಎಲ್ಲ ಪಡಕೊಂಡದ್ದು. ಇದು ಯಾರದೋ ದಾನ ಅಲ್ಲ ಮಾರಾಯ್ರೆ, ಸರ್ಕಾರ ಕೊಡಬೇಕಾದ್ದು.

ನನ್ನ ಪ್ರಶ್ನೆ ಅದೇ. ಟೀಚರ್, ನೀವು ಕಂಪನಿ ಬಾಗಿಲು ಯಾಕೆ ತಟ್ಟಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಂಟು, ಇಲಾಖೆ ಉಂಟು.

ತುಂಗೆಯ ದಡ · ಜುಲೈ 15

ಉಂಟು ಉಂಟು. ಇಲಾಖೆಯಲ್ಲಿ ಶಿಶುಕೇಂದ್ರಿತ ಅನುದಾನ ಅಂತ ಒಂದು ಯೋಜನೆ ಇದೆ, ವಿಶೇಷ ಶಾಲೆಗಳಿಗೆ ಮಗುವಿಗಿಷ್ಟು ಅಂತ ಕೊಡ್ತಾರೆ. ಕೇಂದ್ರ ಸರ್ಕಾರದ್ದು ಅಂಗವಿಕಲರ ಪುನರ್ವಸತಿಗೆ ದೀನದಯಾಳ್ ಯೋಜನೆ ಇದೆ. ಅರ್ಜಿ ಹಾಕಿದ್ದೇವೆ. ಆದರೆ ಹೆಸರಲ್ಲೇ ಇದೆ ನೋಡಿ, ಶಿಶು. ನಮ್ಮ 26ರಲ್ಲಿ 15 ಜನಕ್ಕೆ 18 ದಾಟಿದೆ. ಕಾಯ್ದೆಯಲ್ಲೂ ಉಚಿತ ಶಿಕ್ಷಣದ ಹಕ್ಕು 6ರಿಂದ 18ರ ತನಕ. ಹದಿನೆಂಟು ತುಂಬಿದ ದಿನ ಅಂಗವೈಕಲ್ಯ ಹೋಗಿಬಿಡುತ್ತಾ? ಕಂಪನಿಯವರಿಗೂ ಮಕ್ಕಳ ಫೋಟೊನೇ ಬೇಕು. 41 ವರ್ಷದ ಗಂಡಸು, ಗಡ್ಡ ಬಂದವನು, ಬಾಯಲ್ಲಿ ಜೊಲ್ಲು ಸುರಿಸ್ತಾ ಕೂತಿದ್ದರೆ ಅವನ ಫೋಟೊ ಯಾರ ವರದಿಯ ಮುಖಪುಟಕ್ಕೂ ಹೋಗಲ್ಲ.

ಕಡಲ ತಡಿಯವರೇ, ಹಕ್ಕು ಅನ್ನೋದನ್ನ ಒಪ್ಪಿದೆ. ಆದರೆ ಹಕ್ಕು ಬರೋ ತನಕ ಡೀಸೆಲ್ ಹಾಕ್ಬೇಕಲ್ಲ.

ನ್ಯೂಜೆರ್ಸಿ ಮೈಸೂರಿಗ · ಜುಲೈ 16

ಓದ್ತಾ ಇದ್ದೇನೆ. ನಮ್ಮ ಕಡೆ ಕನ್ನಡ ಕೂಟದಲ್ಲಿ ರಾಜ್ಯೋತ್ಸವಕ್ಕೆ ದುಡ್ಡು ಸೇರಿಸ್ತೇವೆ. ಇಪ್ಪತ್ತು ಸಂಸಾರ ಸೇರಿದರೆ ಒಂದು ವರ್ಷದ ಡ್ರೈವರ್ ಸಂಬಳ ಕಷ್ಟ ಏನಲ್ಲ. ಅಕೌಂಟ್ ನಂಬರ್ ಖಾಸಗಿಯಾಗಿ ಕಳಿಸ್ತೀರಾ?

ಲೆಕ್ಕದ ಮೇಷ್ಟ್ರು · ಜುಲೈ 16

ತಡೀರಿ, ತಡೀರಿ! ಟೀಚರ್, ಇನ್ನೂ ಕಳಿಸಬೇಡಿ.

ಹೊರದೇಶದ ಸಂಘದ ಖಾತೆಯಿಂದ ಬಂದರೆ ಅದು ವಿದೇಶಿ ದೇಣಿಗೆ. ಸಂಘದಲ್ಲಿರೋದೆಲ್ಲ ನಮ್ಮವರೇ ಆದರೂ ಅಷ್ಟೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಗೆ ಕಳಿಸಿ ಅಲ್ಲಿಂದ ನಿಮಗೆ ಕೊಡಿಸೋಣ ಅಂದರೆ ಅದಕ್ಕೂ 2020ರ ತಿದ್ದುಪಡಿಯಲ್ಲಿ ಬಾಗಿಲು ಹಾಕಿದ್ದಾರೆ, ಒಬ್ಬರು ಪಡೆದದ್ದನ್ನ ಇನ್ನೊಬ್ಬರಿಗೆ ಹಂಚುವ ಹಾಗಿಲ್ಲ. ಸಣ್ಣ ಸಂಸ್ಥೆಗಳಿಗೆ ಬಿದ್ದ ದೊಡ್ಡ ಏಟು ಅಂದರೆ ಇದೇ.

ದಾರಿ ಒಂದಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ, ತಮ್ಮ ಹೆಸರಲ್ಲೇ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗಲ್ಲ. ಅಮೆರಿಕದ ಪೌರತ್ವ ತಗೊಂಡವರದ್ದು ಆಗುತ್ತೆ, ಒಸಿಐ ಕಾರ್ಡ್ (ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡೋದು) ಇದ್ದರೂ. ಕೊಡುವವರ ಪಾಸ್‌ಪೋರ್ಟ್ ಪ್ರತಿ ತಗೊಂಡು ಫೈಲಿಗೆ ಹಾಕಿ.

ನ್ಯೂಜೆರ್ಸಿ ಮೈಸೂರಿಗ · ಜುಲೈ 16

ನಾನು ಹೋದ ವರ್ಷ ತಾನೇ ಪೌರತ್ವ ತಗೊಂಡೆ. ಹೆಂಡತಿ ತಗೊಂಡಿಲ್ಲ. ಅವಳ ಖಾತೆಯಿಂದ, ಅವಳ ದುಡ್ಡಿಂದ ಬರುತ್ತೆ. (ಮೊದಲ ಸಲ ಇದರಿಂದ ಏನೋ ಉಪಯೋಗ ಆಯ್ತು ಅಂತ ನಗ್ತಿದ್ದಾಳೆ.)

ಊರೂರು ಸುತ್ತೋಳು · ಜುಲೈ 17

ನಾನು ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ. ನಂಗೂ ಒಂದು ಕಾಲು ಪೋಲಿಯೋದಿಂದ ಸ್ವಾಧೀನ ಇಲ್ಲ. ದೊಡ್ಡ ದುಡ್ಡಿನ ಮಾತೆಲ್ಲ ಆಯ್ತು, ಈಗ ಸಣ್ಣದು ಹೇಳ್ತೀನಿ.

ಪ್ರತಿ ಗ್ರಾಮ ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಮೊತ್ತ ಸಣ್ಣದು, ಕಂದಾಯ ಕಡಿಮೆ ಇರೋ ಪಂಚಾಯ್ತಿಲಿ ತೀರಾ ಸಣ್ಣದು. ಆದ್ರೆ ಖರ್ಚೇ ಆಗ್ದೆ ಬಿದ್ದಿರೋದು ನೋಡಿದೀನಿ, ಇಲ್ಲಾಂದ್ರೆ ಒಂದಿನ ಒಂದಷ್ಟು ಜನಕ್ಕೆ ಕಂಬಳಿ ಹಂಚಿ ಮುಗಿಸಿಬಿಡ್ತಾರೆ. ಮೇಡಂ, ನಿಮ್ಮ 26 ಜನ ಎಷ್ಟು ಪಂಚಾಯ್ತಿಯವ್ರು ನೋಡಿ. ಪ್ರತಿ ಗ್ರಾಮಸಭೆಗೆ ತಾಯಂದಿರೇ ಹೋಗಿ ಕೇಳ್ಬೇಕು, ಟ್ರಸ್ಟ್ ಲೆಟರ್‌ಹೆಡ್ ನೋಡಿದ್ರೆ ಪಿಡಿಒ "ಮೇಲಿಂದ ಆರ್ಡರ್ ಬೇಕು" ಅಂತಾರೆ. ಅಲ್ಲಿಯ ವಿಆರ್‌ಡಬ್ಲ್ಯೂನ ಜೊತೆಗೆ ಕರ್ಕೊಂಡು ಹೋಗಿ, ಫೈಲು ಎಲ್ಲಿ ಕೂತಿದೆ ಅಂತ ಅವ್ರಿಗೆ ಗೊತ್ತಿರುತ್ತೆ.

ಇನ್ನೊಂದು, ಯಾರಿಗೆಲ್ಲ ನಿರಾಮಯ ಮಾಡ್ಸಿದೀರಿ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಯ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರೋರಿಗೆ ಒಂದು ಲಕ್ಷದ ತನಕ, ಥೆರಪಿಗೂ ಸಿಗುತ್ತೆ. ಮೊದ್ಲೇ ಮೆಡಿಕಲ್ ಟೆಸ್ಟ್ ಕೇಳಲ್ಲ. ಫಿಸಿಯೋ ಖರ್ಚಿನಲ್ಲಿ ಸ್ವಲ್ಪ ಅಲ್ಲಿ ಇಳಿದ್ರೆ ಅಷ್ಟು ಡೀಸೆಲ್‌ಗೆ ಉಳಿಯುತ್ತಲ್ಲ. 18 ದಾಟಿದೋರ ತಂದೆ-ತಾಯಿಗೆ ಕಾನೂನುಬದ್ಧ ಪೋಷಕತ್ವದ ಪತ್ರನೂ ಮಾಡ್ಸಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕೊಡುತ್ತೆ. ಅದಿಲ್ದೆ ಬ್ಯಾಂಕಲ್ಲಿ ಪರದಾಡ್ತಾರೆ.

ತುಂಗೆಯ ದಡ · ಜುಲೈ 17

ನಿರಾಮಯ 11 ಜನಕ್ಕೆ ಮಾತ್ರ ಇದೆ. ಶೇ 5ರ ವಿಷಯ ಗೊತ್ತಿತ್ತು, ತಾಯಂದಿರನ್ನೇ ಕಳಿಸೋದು ಹೊಳೆದಿರಲಿಲ್ಲ.

ಮಕ್ಕಳ ಮನೆ · ಜುಲೈ 18

ಸ್ವಲ್ಪ ದಾರಿ ತಪ್ಪಿಸ್ತೇನೆ, ಕ್ಷಮಿಸಿ. ಫೋಟೊ ವಿಷಯ ಬಂತಲ್ಲ. ನಾನು ಮಕ್ಕಳ ಪಾಲನಾ ಸಂಸ್ಥೆಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ದಾನಿಗಳು ಬಂದ ದಿನ ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ಕೈಗೊಂದು ಪ್ಯಾಕೆಟ್ ಕೊಟ್ಟು ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕ್ತಿದ್ರು. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಪಾಲನೆ-ರಕ್ಷಣೆಯಲ್ಲಿರುವ ಮಗುವಿನ ಗುರುತು ಬಯಲು ಮಾಡೋದು ಅಪರಾಧ. ಹೇಳಿದ್ರೆ "ದಾನಿಗಳು ಬೇಜಾರಾಗ್ತಾರೆ" ಅಂತ ನನ್ನನ್ನೇ ಗದರಿದ್ರು.

ಇನ್ನೊಂದು ಮಾತು. ಅಲ್ಲಿದ್ದ ಒಬ್ಬ ಹುಡುಗಿಗೆ ಅಜ್ಜಿ ಇದ್ರು, ತಿಂಗಳಿಗೊಮ್ಮೆ ಚಕ್ಕುಲಿ ಕಟ್ಕೊಂಡು ಬರ್ತಿದ್ರು. ಸಾಕೋಕೆ ಆಗದೆ ಬಿಟ್ಟಿದ್ದು, ಬೇಡ ಅಂತ ಅಲ್ಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ಸಿಗುತ್ತೆ, ಮನೆಯಲ್ಲೇ ಇದ್ದು ಬೆಳೀಬಹುದು. ಅರ್ಜಿ ಹಾಕಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಓಡಾಡಿ ಅವಳನ್ನ ಅಜ್ಜಿ ಮನೆಗೆ ಕಳಿಸಿದ್ವಿ. ಆ ವರ್ಷ ನಮ್ಮ ಸಂಸ್ಥೆಯ ಅನುದಾನಕ್ಕೆ ತೋರಿಸುವ ಮಕ್ಕಳ ಸಂಖ್ಯೆಯಲ್ಲಿ ಒಂದು ಕಡಿಮೆ ಆಯ್ತು! ಕೆಲಸ ಚೆನ್ನಾಗಿ ಮಾಡಿದಷ್ಟೂ ದುಡ್ಡು ಕಡಿಮೆ. ತಲೆಗಿಷ್ಟು ಅಂತ ಕೊಡುವ ಅನುದಾನದಲ್ಲಿ ಈ ಹುಳುಕು ಇದ್ದೇ ಇದೆ.

ಕಡಲ ತಡಿ · ಜುಲೈ 18

ಇದು ಪಾಯಿಂಟ್.

ಹುಬ್ಬಳ್ಳಿ ಗಿರಮಿಟ್ · ಜುಲೈ 18

ಚಕ್ಕುಲಿ ಅಂದ್ರಿ, ಕಣ್ಣಾಗ ನೀರ ಬಂತ್ ನೋಡ್ರಿ.

ತುಂಗೆಯ ದಡ · ಆಗಸ್ಟ್ 29

ತಡವಾಗಿ ಬರೀತಿದ್ದೇನೆ, ಓಡಾಟದಲ್ಲೇ ಇದ್ದೆ. ಏನೇನಾಯ್ತು ಹೇಳ್ತೇನೆ.

ಮೇಷ್ಟ್ರು ಹೇಳಿದ ಹಾಗೆ ಬಜೆಟ್ ಪೂರ್ತಿ ಬಿಚ್ಚಿ ಹೊಲಿದ್ವಿ. ಕೆಂಪು ಗೆರೆ ಎಳೆದಿದ್ದವರಿಗೇ ಮತ್ತೆ ಕಳಿಸಿದ್ವಿ. ಎರಡು ವಾರ ಸುದ್ದಿ ಇಲ್ಲ. ಆಮೇಲೆ ಫೋನ್ ಬಂತು. ಡ್ರೈವರ್ ಮತ್ತು ಆಯಾ ಸಂಬಳ ಒಂದು ವರ್ಷಕ್ಕೆ ಒಪ್ಪಿದ್ದಾರೆ. ಮೂರು ವರ್ಷ ಇಲ್ಲ. ಡೀಸೆಲ್ ಇಲ್ಲ. ಸೆನ್ಸರಿ ರೂಮ್ ಬೇಡ ಅಂದದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಾಗಿದೆ, ಮುಂದಿನ ವರ್ಷ ನೋಡೋಣ ಅಂದಿದ್ದೇನೆ.

ಡೀಸೆಲ್‌ಗೆ ಹುಬ್ಬಳ್ಳಿಯವರ ಹಲಗೆ. ಪೇಟೆಯ ಅಡಿಕೆ ಮಂಡಿಯವರು, ಮೆಡಿಕಲ್ ಶಾಪಿನವರು, ನನ್ನ ಹಳೇ ಶಿಷ್ಯಂದಿರು ದಿನ ಬರೆಸಿದ್ದಾರೆ. ಸಂಬಳ ಬೇರೆ ಕಡೆಯಿಂದ ಬಂದಿದ್ದರಿಂದ ಒಂದು ದಿನದ ಸೇವೆ 900ಕ್ಕೆ ಇಳಿಸಿದ್ವಿ. ಸೆಪ್ಟೆಂಬರ್‌ನಲ್ಲಿ 19 ದಿನ ಭರ್ತಿ. ಒಬ್ಬರು "ಶಾಶ್ವತ ಪೂಜೆ ಥರ ಶಾಶ್ವತ ಸೇವೆ ಮಾಡ್ತೀರಾ, ಅಪ್ಪನ ತಿಥಿಯ ದಿನ ಪ್ರತಿ ವರ್ಷ ವ್ಯಾನ್ ಓಡಬೇಕು" ಅಂತ ಇಡುಗಂಟು ಕೊಟ್ಟರು. ಬಡ್ಡಿಯಲ್ಲಿ ಆ ಒಂದು ದಿನ ಓಡುತ್ತೆ. ಇಡುಗಂಟಿಗೆ ರಸೀದಿ ಹೇಗೆ ಬರೆಯೋದು ಅಂತ ಮೇಷ್ಟ್ರನ್ನ ರಾತ್ರಿ ಹತ್ತಕ್ಕೆ ಎಬ್ಬಿಸಿ ಕೇಳಿದೆ, "ಮೂಲಧನಕ್ಕೆ ಅಂತ ಅವರಿಂದಲೇ ಪತ್ರದಲ್ಲಿ ಬರೆಸಿಕೊಳ್ಳಿ, ನಗದು ಬೇಡ" ಅಂದರು. 80ಜಿ ಬಗ್ಗೆ ಬಹಳ ಜನ ಕೇಳಿದ್ರು, ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯ್ತಿ ಸಿಗಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಯಾರೂ ಹಿಂದೆ ಸರಿಯಲಿಲ್ಲ.

ತಾಯಂದಿರು ನಾಲ್ಕು ಪಂಚಾಯ್ತಿಗೆ ಹೋಗಿದ್ದರು. ಎರಡು ಕಡೆ ಒಪ್ಪಿದ್ದಾರೆ, ಒಂದು ಕಡೆ ಮುಂದಿನ ಸಭೆ ಅಂದಿದ್ದಾರೆ, ಒಂದು ಕಡೆ ಪಿಡಿಒ ರಜೆ.

ಆಗದೇ ಉಳಿದದ್ದೂ ಇದೆ. ಘಟ್ಟದ ಅಂಚಿನ ಆ ಒಂದು ಹಳ್ಳಿಗೆ ಹೋಗಿಬಂದರೆ ಹೆಚ್ಚುವರಿ 14 ಕಿಲೋಮೀಟರ್, ರಸ್ತೆಯೂ ಕುಸಿದಿದೆ. ಅಲ್ಲಿಯ ಮೂರು ಜನರನ್ನ ಇನ್ನೂ ಕರ್ಕೊಂಡು ಬರೋಕಾಗ್ತಿಲ್ಲ. ಶುಕ್ರವಾರ ಟೀಚರ್ ಒಬ್ಬರು ಬೈಕಲ್ಲಿ ಹೋಗಿ ಬರ್ತಾರೆ.

ಆಗಸ್ಟ್ 18, ಸೋಮವಾರ ವ್ಯಾನ್ ಮತ್ತೆ ಶುರುವಾಯ್ತು. ನಾನೂ ಮೊದಲ ಟ್ರಿಪ್‌ಗೆ ಹೋಗಿದ್ದೆ. ತೋಟದ ತಿರುವಿನಲ್ಲಿ ಡ್ರೈವರ್ ಹಾರನ್ ಮಾಡೋಕೆ ಕೈ ಇಟ್ಟವನು ಬಿಟ್ಟ, ಹುಡುಗ ಆಗಲೇ ದಣಪೆ ದಾಟಿ ರಸ್ತೆಗೆ ಬಂದಿದ್ದ. ಹತ್ತಿ ತನ್ನ ಹಳೇ ಸೀಟಿನಲ್ಲಿ ಕೂತ. ಅಲ್ಲಿ ಬೇರೆಯವಳು ಕೂತಿದ್ದಳು, ಅವಳನ್ನ ಎಬ್ಬಿಸಿಯೇ ಕೂತ, ದೊಡ್ಡ ಜಗಳ ಆಯ್ತು.

ದಣಪೆ ಹತ್ರ · ಆಗಸ್ಟ್ 29

ಆ ಹುಡುಗಿಯ ಅಮ್ಮಂಗೆ ನಾನು ಕ್ಷಮೆ ಕೇಳಿದ್ದೇನೆ ಟೀಚರ್. ನಾಟಿ ಮುಗಿದಿತ್ತು, ಕಳೆ ತೆಗೆಯೋಕೆ ಹೋಗ್ತಿದ್ದೇನೆ.

ಸುಮ್ನೆ ಓದೋನು · ಆಗಸ್ಟ್ 30

ಜುಲೈ ಲೆಕ್ಕ ಸರಿ ಇದೆ. ಅಕ್ಟೋಬರ್ 6 ಖಾಲಿ ಇದ್ರೆ ನನ್ನ ಹೆಸರು ಬರ್ಕೊಳ್ಳಿ. ಹಲಗೆ ಮೇಲೆ ಹೆಸರು ಬೇಡ.

ತುಂಗೆಯ ದಡ · ಆಗಸ್ಟ್ 30

ಬರ್ಕೊಂಡೆ. ಇನ್ನೊಂದು ಸಹಾಯ ಬೇಕು. ವ್ಯಾನಿನ ಹಿಂದಿನ ಎರಡೂ ಟೈರ್ ಬೋಳಾಗಿದೆ, ನವೆಂಬರ್‌ನಲ್ಲಿ ಎಫ್‌ಸಿ ಇದೆ. ಶಿವಮೊಗ್ಗದಲ್ಲಿ ಕಡಿಮೆಗೆ ಕೊಡುವ ಅಂಗಡಿ ಯಾರಿಗಾದರೂ ಪರಿಚಯ ಉಂಟಾ?

ಹುಬ್ಬಳ್ಳಿ ಗಿರಮಿಟ್ · ಆಗಸ್ಟ್ 30

ಸೈಜ್ ಟೈರ್ ಮ್ಯಾಲೇ ಬರದಿರತೈತ್ರಿ ಅಕ್ಕಾರ. ಒಂದ ಫೋಟೊ ಹೊಡದ ಹಾಕ್ರಿ.